ಹತ್ತಿರದ ಒಂದು ದನಿ, ಹಿಂದೆ ಮೂರು

ದಕ್ಷಿಣ ಕೊರಿಯದ ‘ಬ್ರೌನ್ ಐಡ್ ಸೋಲ್’ ತಂಡದ ಮೊದಲ ಆಲ್ಬಮ್ ‘ಸೋಲ್ ಫ್ರೀ’ 2003ರಲ್ಲಿ ಹೊರಬಂತು. ನಾಉಲ್, ಜಂಗ್‌ಯಪ್, ಯಂಗ್‌ಜುನ್, ಸಂಗ್‌ಹುನ್ ಎಂಬ ನಾಲ್ವರು ಗಾಯಕರು. ಆ ಆಲ್ಬಮ್ಮಿನ ಮುಖ್ಯ ಹಾಡು ಮುಗಿದುಹೋದ ಒಲವಿನತ್ತ ಹೊರಳಿ ನೋಡುತ್ತ, ಅದು ನಿಜವಾದ ಪ್ರೀತಿಯೇ ಆಗಿತ್ತೇ ಎಂದು ಕೇಳಿಕೊಳ್ಳುವ ನಿಧಾನಗತಿಯ ಬಲ್ಲಾಡ್. ಕೊರಿಯನ್ ಭಾಷೆಯ ಗಂಧವೇ ಇಲ್ಲದವರ ಮೇಲೂ ಇಂಥ ಹಾಡು ಎರಡು ಕೆಲಸ ಮಾಡುತ್ತದೆ. ಎದೆಗೆ ಬೆಚ್ಚಗೆ ತಾಗುತ್ತದೆ, ಮನಸ್ಸನ್ನು ಒಳಕ್ಕೆ ತಿರುಗಿಸುತ್ತದೆ. ಮಾತು ತಿಳಿಯದೆಯೂ ಇವೆರಡು ನಡೆಯುತ್ತವೆ ಎಂದಮೇಲೆ ಕಾರಣದ ದೊಡ್ಡ ಪಾಲು ಸದ್ದಿನಲ್ಲೇ ಇರಬೇಕು. ಆ ಸದ್ದನ್ನು ಬಿಚ್ಚಿ ನೋಡುವುದು ಈ ಅಧ್ಯಾಯದ ಕೆಲಸ. ನನಗೆ ಕಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ದನಿಗಳು ಒಂದಾಗುವ ಅಂಚಿಗೆ ಬಂದು, ಕೂದಲೆಳೆಯಷ್ಟು ಅಂತರ ಉಳಿಸಿಕೊಂಡು ನಿಲ್ಲುತ್ತವೆ. ಆ ಅಂತರದಲ್ಲಿಯೇ ಬೆಚ್ಚನೆಯ ಗುಟ್ಟಿದೆ.

ಸದ್ದು ಬೆಚ್ಚಗಿದೆ ಎಂಬುದು ಕವಿಗಳ ಮಾತಿನಂತೆ ಕೇಳುತ್ತದೆ. ಆದರೆ ಸಭಾಂಗಣ ಕಟ್ಟುವ ಎಂಜಿನಿಯರುಗಳು ಅದಕ್ಕೊಂದು ಅಳತೆಯನ್ನೇ ಇಟ್ಟುಕೊಂಡಿದ್ದಾರೆ. ಅಮೆರಿಕದ ಲಿಯೊ ಬೆರಾನೆಕ್ ಜಗತ್ತಿನ ಐವತ್ತಕ್ಕೂ ಹೆಚ್ಚು ಸಂಗೀತ ಸಭಾಂಗಣಗಳನ್ನು ಅಭ್ಯಾಸ ಮಾಡಿ 1962ರಲ್ಲಿ ಪುಸ್ತಕ ಬರೆದರು. ವಾದ್ಯ ನಿಂತ ಮೇಲೂ ಅದರ ಮೊಳಗು ಒಂದೆರಡು ಸೆಕೆಂಡು ಸಭಾಂಗಣದಲ್ಲಿ ಉಳಿದಿರುತ್ತದೆ. ಈ ಹೊತ್ತನ್ನು ತಗ್ಗಿನ ಸ್ವರಗಳಿಗೂ ನಡುಮಟ್ಟದ ಸ್ವರಗಳಿಗೂ ಬೇರೆಬೇರೆಯಾಗಿ ಅಳೆಯಬೇಕು. 125 ಮತ್ತು 250 ಹರ್ಟ್ಝ್ ಆಸುಪಾಸಿನ ಮೊಳಗು 500 ಮತ್ತು 1000 ಹರ್ಟ್ಝ್ ಆಸುಪಾಸಿನದಕ್ಕಿಂತ ತುಸು ಹೆಚ್ಚು ಹೊತ್ತು ಉಳಿದರೆ ಸಭಾಂಗಣ ಬೆಚ್ಚಗೆ ಕೇಳಿಸುತ್ತದೆ ಎಂಬುದು ಅವರ ಲೆಕ್ಕ. ತಗ್ಗು ಸ್ವರ ಎಷ್ಟು ಹೊತ್ತು ಉಳಿಯುತ್ತದೆ ಎಂಬುದಕ್ಕಿಂತ ಎಷ್ಟು ಬಲವಾಗಿ ಕಿವಿ ಮುಟ್ಟುತ್ತದೆ ಎಂಬುದೇ ಮುಖ್ಯ ಎಂದು ದಶಕಗಳ ನಂತರ ಅವರೇ ತಿದ್ದುಪಡಿ ಹೇಳಿದರು. ಹೇಗಾದರೂ ಇರಲಿ, ಬೆಚ್ಚನೆಯ ಮನೆ ಸದ್ದಿನ ಕೆಳಭಾಗದಲ್ಲಿದೆ ಎಂಬುದು ಬದಲಾಗಲಿಲ್ಲ.

ಮನುಷ್ಯನ ದನಿಗೂ ಇದೇ ಮಾತು ಒಪ್ಪುತ್ತದೆ. ಗಾಯಕನ ಧ್ವನಿತಂತುಗಳು ಸೆಕೆಂಡಿಗೆ 220 ಸಲ ಅದುರಿದರೆ 220 ಹರ್ಟ್ಝ್‌ನ ಮೂಲಸ್ವರ ಹುಟ್ಟುತ್ತದೆ. ಜೊತೆಗೇ 440, 660, 880, 1100 ಹೀಗೆ ಅದರ ಗುಣಕಗಳಾದ ಉಪಸ್ವರಗಳೂ ಹುಟ್ಟುತ್ತವೆ. ಅದುರುವಾಗ ತಂತುಗಳು ಪ್ರತಿ ಸಲವೂ ಪಟ್ಟನೆ ಮುಚ್ಚಿಕೊಂಡರೆ ಮೇಲಿನ ಉಪಸ್ವರಗಳಿಗೆ ಬಲ ಬಂದು ದನಿ ಹರಿತವಾಗುತ್ತದೆ. ಮೆತ್ತಗೆ, ಸಣ್ಣ ಸಂದು ಬಿಟ್ಟು ಸೇರಿಕೊಂಡರೆ ಶಕ್ತಿಯ ಬಹುಪಾಲು ಮೂಲಸ್ವರದಲ್ಲೇ ಉಳಿಯುತ್ತದೆ, ಆ ಸಂದಿನಿಂದ ಉಸಿರಿನ ಸುಯ್ಲೂ ಬೆರೆಯುತ್ತದೆ. ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್ ಆಪೆರಾ ಗಾಯಕರ ದನಿಯನ್ನು ಅಳೆದು, 3000 ಹರ್ಟ್ಝ್ ಹತ್ತಿರ ಅವರ ಶಕ್ತಿ ಒಂದು ಗುಡ್ಡದಂತೆ ಏಳುವುದನ್ನು ವಿವರಿಸಿದರು. ವಾದ್ಯವೃಂದದ ಶಕ್ತಿ 500 ಹರ್ಟ್ಝ್ ಸುತ್ತಮುತ್ತ ಹೆಚ್ಚಿರುವುದರಿಂದ, ಮೇಲಿನ ಈ ಗುಡ್ಡವೇ ಆಪೆರಾ ಗಾಯಕನನ್ನು ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟಿಸುತ್ತದೆ. ಬಲ್ಲಾಡ್ ಗಾಯಕನಿಗೆ ಆ ಗುಡ್ಡ ಬೇಕಿಲ್ಲ, ಅವನಿಗೆ ಮೈಕ್ ಇದೆ. ಅಷ್ಟೇ ಅಲ್ಲ, ಎದುರಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಮೈಕುಗಳಿಗೆ ಇನ್ನೊಂದು ಗುಣವಿದೆ. ಬಾಯಿ ಕೆಲವೇ ಸೆಂಟಿಮೀಟರ್ ದೂರಕ್ಕೆ ಬಂದಾಗ ಅವು ತಗ್ಗು ಸ್ವರಗಳನ್ನು ಇದ್ದುದಕ್ಕಿಂತ ಹಿಗ್ಗಿಸಿ ಹಿಡಿಯುತ್ತವೆ. ಮೆಲುದನಿಯ ಗಾಯಕ ಮೈಕಿಗೆ ತುಟಿ ತಾಗುವಷ್ಟು ಹತ್ತಿರ ನಿಲ್ಲುವುದು ಬರೀ ಶೈಲಿಗಾಗಿ ಅಲ್ಲ.

ಉಸಿರಿನ ಸುಯ್ಲು ಇನ್ನೊಂದು ಸುದ್ದಿಯನ್ನೂ ಹೊತ್ತು ತರುತ್ತದೆ. ನಿತ್ಯದ ಬದುಕಿನಲ್ಲಿ ಇನ್ನೊಬ್ಬರ ಉಸಿರು ನಮಗೆ ಕೇಳಿಸುವುದು ಅವರು ತೀರ ಹತ್ತಿರವಿದ್ದಾಗ ಮಾತ್ರ. ನೇರವಾಗಿ ಬಂದ ಸದ್ದು ಎಷ್ಟು, ಗೋಡೆಗೆ ತಾಗಿ ಬಂದದ್ದು ಎಷ್ಟು ಎಂಬ ಪ್ರಮಾಣದಿಂದಲೂ ಕಿವಿ ದೂರವನ್ನು ಅಂದಾಜು ಮಾಡುತ್ತದೆ. ಸ್ಟುಡಿಯೋದಲ್ಲಿ ಹಾಡನ್ನು ಮಿಕ್ಸ್ ಮಾಡುವವರು ಇದನ್ನು ಬಳಸಿಕೊಳ್ಳುವ ಬಗೆ ಚೆಲುವಾದದ್ದು. ಮುಖ್ಯ ಗಾಯಕನ ದನಿಗೆ ರಿವರ್ಬ್, ಎಂದರೆ ಕೃತಕ ಮೊಳಗು, ಕಡಿಮೆ ಇಡುತ್ತಾರೆ, ಹಿಂದಿನ ಹಾರ್ಮನಿ ದನಿಗಳಿಗೆ ಧಾರಾಳವಾಗಿ ಹಾಕುತ್ತಾರೆ. ಹೆಡ್‌ಫೋನ್ ಹಾಕಿಕೊಂಡವರ ಮೆದುಳು ಅಲ್ಲೊಂದು ಜಾಗವನ್ನು ಕಟ್ಟಿಕೊಳ್ಳುತ್ತದೆ. ಕಿವಿಯ ಬಳಿ ಒಬ್ಬ ಮೆಲ್ಲಗೆ ಹೇಳಿಕೊಳ್ಳುತ್ತಿದ್ದಾನೆ, ಅವನ ಬೆನ್ನಿಗೆ ಕೆಲವರು ನಿಂತಿದ್ದಾರೆ. ಒಂಟಿತನವೂ ಜೊತೆಯೂ ಒಟ್ಟಿಗೆ ಕೇಳಿಸುವುದು ಈ ಜೋಡಣೆಯಿಂದ.

ಕೊರಿಯನ್ ಭಾಷೆಯೂ ಇದಕ್ಕೆ ತನ್ನ ಪಾಲು ಕೊಡುತ್ತದೆ ಎಂದು ನನಗನ್ನಿಸುತ್ತದೆ. ಕೊರಿಯನ್ನಿನಲ್ಲಿ ಪದದ ಮೊದಲಲ್ಲಿ ಬರುವ ಕಕಾರದಂಥ ಸದ್ದು ಮೂರು ಬಗೆ. ನಮ್ಮ ಕ, ಖ, ಗಗಳ ಹಾಗೆ ಅಲ್ಲ, ಪದದ ಮೊದಲಲ್ಲಿ ಮೂರಕ್ಕೂ ಘೋಷವಿಲ್ಲ. ಒಂದು ಬಿಗಿಯಾದದ್ದು, ಒಂದು ಮಹಾಪ್ರಾಣ, ಮೂರನೆಯದು ಸಡಿಲವಾದದ್ದು. ಸಡಿಲ ವ್ಯಂಜನವಾದ ಮೇಲೆ ಬರುವ ಸ್ವರಾಕ್ಷರದ ಮೊದಲ ಕ್ಷಣದಲ್ಲಿ ಧ್ವನಿತಂತುಗಳು ಇನ್ನೂ ಪೂರ್ತಿ ಬಿಗಿದಿರುವುದಿಲ್ಲ, ಉಸಿರು ಬೆರೆತೇ ದನಿ ಶುರುವಾಗುತ್ತದೆ. ಬಲ್ಲಾಡಿಗೆ ಬೇಕಾದ ಮೆದುತನ ಭಾಷೆಯ ಉಚ್ಚಾರದಲ್ಲೇ ಒಂದಿಷ್ಟು ಸಿದ್ಧವಾಗಿದೆ. ಅಕ್ಷರಗಳ ಕೊನೆಯೂ ಹಾಗೆಯೇ. ಕೊರಿಯನ್ ಅಕ್ಷರದ ತುದಿಯಲ್ಲಿ ಕೇಳಿಸಬಲ್ಲ ವ್ಯಂಜನಗಳು ಏಳೇ ಏಳು. ಅವುಗಳಲ್ಲಿ ನ್, ಮ್, ಙ್, ಲ್ ನಾಲ್ಕನ್ನು ಬೇಕಾದಷ್ಟು ಎಳೆಯಬಹುದು. ಉಳಿದ ಪ್, ತ್, ಕ್ ಮೂರರಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ ಅಷ್ಟೆ, ಕೊನೆಯ ಸಿಡಿತ ಹೊರಬರುವುದಿಲ್ಲ. ಗುಂಪಿನಲ್ಲಿ ಹಾಡಿದವರಿಗೆ ಇದರ ಬೆಲೆ ಗೊತ್ತು. ಇಂಗ್ಲಿಷ್ ಹಾಡಿನಲ್ಲಿ ಸಾಲಿನ ಕೊನೆಯ ‘ಟ್’, ‘ಸ್’ಗಳನ್ನು ನಾಲ್ವರೂ ಒಂದೇ ಕ್ಷಣಕ್ಕೆ ಉಚ್ಚರಿಸದಿದ್ದರೆ ಚಟಪಟ ಸದ್ದು ಎದ್ದು ಹಾರ್ಮನಿ ಒಡೆಯುತ್ತದೆ. ಕೊರಿಯನ್ನಿನಲ್ಲಿ ಆ ಅಪಾಯ ಕಡಿಮೆ. ಮೇಲಾಗಿ ಕನ್ನಡದ ಹಾಗೆ ಅಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಅದರ ಪ್ರತ್ಯಯ ಬಹಳ ಸಲ ಸ್ವರಾಕ್ಷರದಲ್ಲಿ ಮುಗಿಯುತ್ತದೆ. ಆಡಿದ ಮಾತಿನ ತೀರ್ಮಾನ ಮತ್ತು ಎಳೆದು ನಿಲ್ಲಿಸುವ ಸ್ವರ ಎರಡೂ ಒಂದೇ ಜಾಗದಲ್ಲಿ ಕೂಡುತ್ತವೆ. ನಾಲ್ಕು ದನಿಗಳು ತೆರೆದುಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಈಗ ಆ ತೆರೆದುಕೊಳ್ಳುವ ಕ್ಷಣಕ್ಕೆ ಬರೋಣ. ಒಬ್ಬ 220 ಹರ್ಟ್ಝ್‌ನಲ್ಲಿ ನಿಂತಿದ್ದಾನೆ, ಅದನ್ನು ಷಡ್ಜ ಎನ್ನೋಣ. ಇನ್ನೊಬ್ಬ ಅದರ ಮೇಲೆ ಅಂತರ ಗಾಂಧಾರ ಹಿಡಿಯಬೇಕು. ಪಿಯಾನೋದಲ್ಲಿ ಆ ಗಾಂಧಾರ 277.18 ಹರ್ಟ್ಝ್‌ಗೆ ಕೂಡಿಸಿರುತ್ತದೆ. ಅದರ ನಾಲ್ಕನೆಯ ಗುಣಕ ಸುಮಾರು 1108.7. ಷಡ್ಜದ ಐದನೆಯ ಗುಣಕವೋ ಸರಿಯಾಗಿ 1100. ಇವೆರಡು ಪಕ್ಕಪಕ್ಕ ಬಿದ್ದು ಸೆಕೆಂಡಿಗೆ ಎಂಟೊಂಬತ್ತು ಸಲ ಏರಿಳಿಯುವ ಅಲುಗಾಟವನ್ನು ಹುಟ್ಟಿಸುತ್ತವೆ. ಪಠ್ಯಪುಸ್ತಕಗಳಲ್ಲಿ ವಿಸ್ಪಂದ ಎಂದು ಓದಿದ್ದು ಇದನ್ನೇ. ಆ ಗಾಯಕ ತನ್ನ ಸ್ವರವನ್ನು ಎರಡೇ ಎರಡು ಹರ್ಟ್ಝ್ ಇಳಿಸಿ 275ಕ್ಕೆ ತಂದರೆ ನಾಲ್ಕನೆಯ ಗುಣಕವೂ 1100 ಆಗುತ್ತದೆ, ಅಲುಗಾಟ ತಣ್ಣಗಾಗುತ್ತದೆ, ಇಬ್ಬರ ಉಪಸ್ವರಗಳು ಒಂದೇ ಜಾಗದಲ್ಲಿ ಕೂತು ಪರಸ್ಪರ ಬಲ ಕೊಡುತ್ತವೆ. ಕರ್ನಾಟಕ ಸಂಗೀತ ಕೇಳುವವರಿಗೆ ಈ ಗಾಂಧಾರ ಹೊಸದೇನಲ್ಲ. ತಂಬೂರಿಯ ಮಂದ್ರ ಷಡ್ಜವನ್ನು ಮೀಟಿ ಕಿವಿಗೊಟ್ಟರೆ ಯಾರೂ ಹಾಡದೆ ತಾನೇ ಎದ್ದುಬರುವ ಸ್ವಯಂಭೂ ಗಾಂಧಾರ ಅದೇ, ಆ ತಂತಿಯ ಐದನೆಯ ಗುಣಕ. ಜರ್ಮನ್ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1863ರ ತಮ್ಮ ದೊಡ್ಡ ಗ್ರಂಥದಲ್ಲಿ ಹಿತವಾದ ಸ್ವರಜೋಡಿಗಳಿಗೆ ಕೊಟ್ಟ ಕಾರಣವೂ ಉಪಸ್ವರಗಳ ಈ ಕೂಡಿಕೆಯೇ.

ಹಾಗಾದರೆ ನಾಲ್ವರೂ ಲೆಕ್ಕಕ್ಕೆ ಸರಿಯಾಗಿ ಹಾಡಿದರೆ ಮುಗಿಯಿತೇ? ಇಲ್ಲ. ನಿಜವಾದ ಗುಂಪುಗಳನ್ನು ಅಳೆದು ನೋಡಿದಾಗ ಚಿತ್ರ ಬೇರೆಯೇ ಇದೆ. ಮೇಲೆ ಹೇಳಿದ ಸುಂಡ್‌ಬರ್ಗ್ ಮತ್ತು ಸಂಶೋಧಕ ಹಾಗರ್ಮನ್ 1980ರಲ್ಲಿ, ವಾದ್ಯವಿಲ್ಲದೆ ಹಾರ್ಮನಿ ಹಾಡುವ ಬಾರ್ಬರ್‌ಶಾಪ್ ಶೈಲಿಯ ನಾಲ್ವರ ತಂಡಗಳನ್ನು ಅಳೆದರು. ಗಾಯಕರ ಹಿಡಿತ ಬಲು ನಿಖರವಾಗಿತ್ತು, ಆದರೂ ಅವರ ಸ್ವರಾಂತರಗಳು ಶುದ್ಧ ಭಿನ್ನರಾಶಿಗಳ ಮೇಲೆ ಸರಿಯಾಗಿ ಕೂತಿರಲಿಲ್ಲ. ಒಂದೇ ಸ್ವರವನ್ನು ಒಟ್ಟಿಗೆ ಹಾಡುವ ಕೋರಸ್‌ನಲ್ಲಿಯೂ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ 10ರಿಂದ 15 ಸೆಂಟ್‌ನಷ್ಟು ಚೆದುರು ಸಾಮಾನ್ಯ. ನೂರು ಸೆಂಟ್ ಸೇರಿದರೆ ಪಿಯಾನೋದ ಒಂದು ಮನೆ. ಈ ಚೆದುರಿನಿಂದ ಉಪಸ್ವರಗಳು ತುಸು ಅಗಲವಾಗುತ್ತವೆ, ಅವುಗಳ ಏರಿಳಿತ ಒಂದೇ ಲಯಕ್ಕೆ ಸಿಗದೆ ಮೆಲ್ಲನೆ ಮಿನುಗುತ್ತದೆ. ಅಲ್ಲಿರುವುದು ಒಬ್ಬನಲ್ಲ, ಹಲವರು ಎಂದು ಕಿವಿಗೆ ತಿಳಿಯುವುದೇ ಆ ಮಿನುಗಿನಿಂದ. ಒಬ್ಬನ ದನಿಯನ್ನೇ ಎರಡು ಸಲ ಧ್ವನಿಮುದ್ರಿಸಿ ಒಂದರ ಮೇಲೊಂದು ಹಾಕುವ ಸ್ಟುಡಿಯೋ ಪದ್ಧತಿಯ ಹಿಂದೆ ಇರುವುದೂ ಇದೇ. ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಕೆನ್ ಟೌನ್‌ಸೆಂಡ್ 1966ರಲ್ಲಿ ಟೇಪ್ ಯಂತ್ರಗಳಿಂದಲೇ ಈ ಸಣ್ಣ ವ್ಯತ್ಯಾಸವನ್ನು ತರುವ ವಿಧಾನ ಕಂಡುಹಿಡಿದರು. ಇದಕ್ಕೆ ವಿರುದ್ಧದ ದಿಕ್ಕಿನದು 1997ರಲ್ಲಿ ಬಂದ, ಸ್ವರ ತಿದ್ದುವ ತಂತ್ರಾಂಶ ಆಟೋ-ಟ್ಯೂನ್. ಪ್ರತಿ ದನಿಯನ್ನೂ ಪಿಯಾನೋದ ಮನೆಗೆ ಎಳೆದು ಕೂರಿಸಿದರೆ ಚೆದುರು ಮಾಯವಾಗುತ್ತದೆ. ಅಷ್ಟೇ ಅಲ್ಲ, 277ರಿಂದ 275ಕ್ಕೆ ಜಾರುವ ಆ ಎರಡು ಹರ್ಟ್ಝ್‌ನ ಸ್ವಾತಂತ್ರ್ಯವೂ ಹೋಗುತ್ತದೆ. ಈ ಬಗೆಯ ಹಾಡಿನ ಮಟ್ಟಿಗೆ ಅದನ್ನು ನಷ್ಟವೆಂದೇ ನಾನು ಎಣಿಸುತ್ತೇನೆ.

ಈ ತಂಡ ಹಾಡುವ ಸೋಲ್ ಶೈಲಿಯ ಸಂಗೀತದ ಕಾರ್ಡ್‌ಗಳು, ಎಂದರೆ ಒಟ್ಟಿಗೆ ಮೊಳಗುವ ಸ್ವರಗುಂಪುಗಳು, ಮೂರು ಸ್ವರಕ್ಕೆ ನಿಲ್ಲುವುದು ಕಡಿಮೆ, ನಾಲ್ಕನೆಯದೊಂದು ಸೇರಿಕೊಳ್ಳುತ್ತದೆ. ಷಡ್ಜ, ಅಂತರ ಗಾಂಧಾರ, ಪಂಚಮ, ಕಾಕಲಿ ನಿಷಾದ ಸೇರಿದ ಕಾರ್ಡನ್ನು ತೆಗೆದುಕೊಳ್ಳಿ. ಕೆಳಗಿನ ಮೂರು, ಅಂದರೆ ಸ-ಗ-ಪ, ಪಾಶ್ಚಾತ್ಯ ಸಂಗೀತದ ಮೇಜರ್ ಕಾರ್ಡ್, ಸಾಮಾನ್ಯವಾಗಿ ನಲಿವಿನದೆನ್ನುತ್ತಾರೆ. ಮೇಲಿನ ಮೂರು, ಗ-ಪ-ನಿ, ಮೈನರ್ ಕಾರ್ಡ್, ನೋವಿನದೆನ್ನುತ್ತಾರೆ. ಎರಡೂ ಒಂದೇ ಉಸಿರಿನಲ್ಲಿ ಮೊಳಗುತ್ತವೆ. ಕಳೆದದ್ದನ್ನು ನೆನೆದು ಸುಖಪಡುವ ಹಾಡುಗಳಿಗೆ ಈ ಕಾರ್ಡ್ ಇಷ್ಟು ಒಗ್ಗಿದ್ದೇಕೆ ಎಂದು ಇದರಿಂದ ಊಹಿಸಬಹುದು. ಆದರೆ ಅದರೊಳಗೆ ಒಂದು ಮುಳ್ಳಿದೆ. 220ರ ಷಡ್ಜಕ್ಕೆ ಎರಡನೆಯ ಗುಣಕ 440, ನಿಷಾದ ಸುಮಾರು 415. ಅಂತರ 25 ಹರ್ಟ್ಝ್. ನೆದರ್ಲೆಂಡ್ಸಿನ ಪ್ಲಾಂಪ್ ಮತ್ತು ಲೆವೆಲ್ಟ್ 1965ರಲ್ಲಿ ತೋರಿಸಿದ ಪ್ರಕಾರ ಎರಡು ಸ್ವರಗಳು ಒಳಗಿವಿಯ ಪೊರೆಯ ಮೇಲೆ ಒಂದೇ ಪಟ್ಟಿಯೊಳಗೆ ಬಿದ್ದಾಗ ಒರಟು ಕೇಳಿಸುತ್ತದೆ. ಆ ಪಟ್ಟಿಯ ಅಗಲದ ಕಾಲುಭಾಗದಷ್ಟು ಅಂತರದಲ್ಲಿ ಒರಟುತನ ತುತ್ತತುದಿಗೆ ಹೋಗುತ್ತದೆ. 430 ಹರ್ಟ್ಝ್ ಹತ್ತಿರ ಆ ಪಟ್ಟಿ ಸುಮಾರು 100 ಹರ್ಟ್ಝ್ ಅಗಲ. ಎಂದರೆ ನಮ್ಮ 25 ಹರ್ಟ್ಝ್ ಅತ್ಯಂತ ಚುಚ್ಚುವ ಜಾಗಕ್ಕೇ ಬಂದು ಬಿದ್ದಿದೆ! ಇದೇ ಕಾರ್ಡನ್ನು ತುತ್ತೂರಿಗಳಲ್ಲಿ ಊದಿದರೆ ಆ ಚುಚ್ಚು ಸ್ಪಷ್ಟವಾಗಿ ಕೇಳುತ್ತದೆ. ಇಲ್ಲಿ ಹಾಗೆ ಆಗುವುದಿಲ್ಲ. ಉಸಿರು ಬೆರೆತ ದನಿಯಲ್ಲಿ ಮೂಲಸ್ವರಕ್ಕೆ ಹೋಲಿಸಿದರೆ ಎರಡನೆಯ ಗುಣಕ ಸೊರಗಿರುತ್ತದೆ. 440 ಇದೆ, ಆದರೆ ಮೆತ್ತಗಿದೆ. ಮುಳ್ಳು ಪೂರ್ತಿ ಹೋಗುವುದಿಲ್ಲ, ಅದರ ಮೊನೆ ಮಾತ್ರ ಮೊಂಡಾಗುತ್ತದೆ. ಉಳಿದ ಆ ಸಣ್ಣ ತುಡಿತವೇ ಇಂಥ ಹಾಡಿಗೆ ಬರಿಯ ಸಿಹಿಯನ್ನು ದಾಟಿದ ರುಚಿ ಕೊಡುತ್ತದೆ. ಮೆಲುದನಿ, ಹತ್ತಿರದ ಮೈಕು, ನಾಲ್ಕು ಸ್ವರದ ಕಾರ್ಡ್ ಇವು ಒಂದನ್ನೊಂದು ಬೇಡುತ್ತವೆ, ಒಂದನ್ನು ತೆಗೆದರೆ ಉಳಿದೆರಡು ಸೊರಗುತ್ತವೆ.

ಹಾರ್ಮನಿಯ ಈ ವಿದ್ಯೆ ಕೊರಿಯಕ್ಕೆ ಬಂದ ದಾರಿ ಯುದ್ಧದ ದಾರಿ. 1950ರ ದಶಕದಲ್ಲಿ ಅಮೆರಿಕದ ಎಂಟನೆಯ ಸೇನೆಯ ಶಿಬಿರಗಳಲ್ಲಿ ಸೈನಿಕರನ್ನು ರಂಜಿಸಲು ಕೊರಿಯನ್ ಕಲಾವಿದರು ಅಮೆರಿಕನ್ ಹಾಡುಗಳನ್ನು ಹಾಡುತ್ತಿದ್ದರು. 1935ರಲ್ಲಿ ‘ಮೊಕ್ಪೊದ ಕಣ್ಣೀರು’ ಹಾಡಿ ಮನೆಮಾತಾಗಿದ್ದ ಗಾಯಕಿ ಲೀ ನಾನ್‌ಯಂಗ್ ತನ್ನ ಇಬ್ಬರು ಹೆಣ್ಣುಮಕ್ಕಳಿಗೂ ಅಣ್ಣನ ಮಗಳಿಗೂ ಹಾರ್ಮನಿಯಲ್ಲಿ ಹಾಡುವುದನ್ನು ಕಲಿಸಿದಳು. ಇಂಗ್ಲಿಷ್ ಬಾರದ ಆ ಹುಡುಗಿಯರು ಪದಗಳನ್ನು ಬರಿಯ ಸದ್ದಾಗಿ ಬಾಯಿಪಾಠ ಮಾಡಿದರು. ಅವರೇ ಕಿಮ್ ಸಿಸ್ಟರ್ಸ್. 1959ರಲ್ಲಿ ಲಾಸ್ ವೇಗಸ್‌ಗೆ ಹೋದ ಅವರು ಅಮೆರಿಕದ ಜನಪ್ರಿಯ ಎಡ್ ಸಲಿವನ್ ಟಿವಿ ಕಾರ್ಯಕ್ರಮದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಹಾಡಿದರು. ಅರ್ಥ ತಿಳಿಯದೆ ಸದ್ದಿನಿಂದಲೇ ಹಾರ್ಮನಿಯ ಒಳಹೊಕ್ಕ ಆ ಮಕ್ಕಳನ್ನು ನೆನೆದಾಗ ನನಗೆ ಬಹಳ ಗೌರವ ಮೂಡುತ್ತದೆ. ಅದೇ ಶಿಬಿರಗಳ ವೇದಿಕೆಯಿಂದ ಬಂದ ಗಿಟಾರ್ ವಾದಕ ಶಿನ್ ಜುಂಗ್‌ಹ್ಯೋನ್ 1968ರಲ್ಲಿ ಪರ್ಲ್ ಸಿಸ್ಟರ್ಸ್ ಜೋಡಿಗೆ ಹಾಡು ಕಟ್ಟಿಕೊಟ್ಟು ಸೋಲ್ ಶೈಲಿಯನ್ನು ಕೊರಿಯನ್ ಮಾತಿಗೆ ತಂದರು. 1975ರ ಸರ್ಕಾರಿ ಕಡಿವಾಣದಲ್ಲಿ ಅವರ ಹಾಡುಗಳು ನಿಷೇಧಕ್ಕೊಳಗಾದವು, ಆ ಹರಿವು ಬತ್ತಿತು. ಮತ್ತೆ ಅದು ಚಿಮ್ಮಿದ್ದು 1993ರಲ್ಲಿ, ಅಮೆರಿಕದಲ್ಲಿ ಬೆಳೆದ ಕೊರಿಯನ್ ಹುಡುಗರ ‘ಸಾಲಿಡ್’ ತಂಡದಿಂದ. 2001ರಲ್ಲಿ ನಾಉಲ್ ಮತ್ತು ಯೂನ್ ಗನ್ ಜೋಡಿಯ ‘ಬ್ರೌನ್ ಐಸ್’, 2003ರಲ್ಲಿ ‘ಬಿಗ್ ಮಾಮಾ’ದ ನಾಲ್ವರು ಹೆಂಗಸರು ಮತ್ತು ‘ಬ್ರೌನ್ ಐಡ್ ಸೋಲ್’ನ ನಾಲ್ವರು ಗಂಡಸರು.

ಬೆಚ್ಚನೆಯ ಕಥೆ ಕಿವಿಯದು. ಮನಸ್ಸು ಒಳಕ್ಕೆ ತಿರುಗುವುದು ಮೆದುಳಿನ ಕಥೆ. ಬ್ರಿಟನ್ನಿನ ಜಾನ್ ಸ್ಲೊಬೊಡಾ 1991ರಲ್ಲಿ 83 ಮಂದಿಯನ್ನು ಕೇಳಿ, ಸಂಗೀತದ ಯಾವ ಯಾವ ಜಾಗದಲ್ಲಿ ಅವರಿಗೆ ಏನೇನಾಗುತ್ತದೆ ಎಂದು ಪಟ್ಟಿ ಮಾಡಿದರು. ಎಣಿಸದ ಕಾರ್ಡೊಂದು ಬಂದಾಗ ಮೈ ಜುಮ್ಮೆನ್ನುತ್ತದೆ. ಸೇರಬೇಕಾದ ಸ್ವರಕ್ಕೆ ನೇರ ಹೋಗದೆ ಪಕ್ಕದ ಸ್ವರದ ಮೇಲೆ ಒಂದು ಕ್ಷಣ ಒರಗಿ, ಆಮೇಲೆ ಇಳಿದಾಗ ಕಣ್ಣು ತುಂಬುತ್ತದೆ. ಸೋಲ್ ಗಾಯಕರು ಸಾಲಿನ ಕೊನೆಗೆ ಸೇರಿಸುವ ಬಳುಕುಗಳಲ್ಲಿ ಇಂಥ ಒರಗುಗಳು ತುಂಬಿವೆ. ಮುಖ್ಯ ಗಾಯಕ ಹೀಗೆ ಒರಗುವಾಗ ಹಿಂದಿನವರು ಕಂಪನವಿಲ್ಲದ ನೇರ ಸ್ವರದಲ್ಲಿ ನಿಲ್ಲಬೇಕು, ನಿಂತ ನೆಲವಿದ್ದರೆ ತಾನೇ ಒರಗಿದ್ದು ತಿಳಿಯುವುದು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ವಲೊರಿ ಸಲಿಂಪೂರ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದಂತೆ, ಮೆಚ್ಚಿನ ಸಂಗೀತದ ಉತ್ಕಟ ಕ್ಷಣದಲ್ಲಿ ಮಾತ್ರವಲ್ಲ, ಅದಕ್ಕೆ ಕಾಯುವ ಸೆಕೆಂಡುಗಳಲ್ಲಿಯೂ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ, ಆದರೆ ಎರಡೂ ನಡೆಯುವ ಜಾಗ ಬೇರೆಬೇರೆ. ನಿಧಾನಗತಿಯ ಹಾಡು ಕಾಯುವ ಹೊತ್ತನ್ನು ಉದ್ದ ಮಾಡಿಕೊಡುತ್ತದೆ.

ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಂಶೋಧಕರಾದ ಲೀಲಾ ತರುಫಿ ಮತ್ತು ಸ್ಟೆಫಾನ್ ಕೋಲ್ಶ್ ಅವರ ಕೆಲಸ. 2014ರಲ್ಲಿ ಅವರು 772 ಜನರ ಸಮೀಕ್ಷೆ ನಡೆಸಿ, ದುಃಖದ ಸಂಗೀತ ಏನನ್ನು ಎಬ್ಬಿಸುತ್ತದೆ ಎಂದು ಕೇಳಿದರು. ಎಲ್ಲಕ್ಕಿಂತ ಹೆಚ್ಚು ಬಂದ ಉತ್ತರ ದುಃಖವಾಗಿರಲಿಲ್ಲ, ಕಳೆದುದರ ಹಂಬಲವಾಗಿತ್ತು. 2017ರಲ್ಲಿ ತರುಫಿ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಹೋದರು. ನಲಿವಿನ ಸಂಗೀತ ಕೇಳುವಾಗಿನದಕ್ಕಿಂತ ದುಃಖದ ಸಂಗೀತ ಕೇಳುವಾಗ ಮನಸ್ಸು ಹೆಚ್ಚು ಅಲೆಯುತ್ತದೆ, ಮೆದುಳಿನ ‘ಡಿಫಾಲ್ಟ್ ಮೋಡ್’ ಜಾಲದ ಕೇಂದ್ರಗಳು ಹೆಚ್ಚು ಮುಂದೆ ಬರುತ್ತವೆ. ಹೊರಗಿನ ಕೆಲಸವಿಲ್ಲದಾಗ ಚುರುಕಾಗಿ, ನಮ್ಮ ಬಗ್ಗೆ ನಾವೇ ಯೋಚಿಸುವಾಗಲೂ ಹಳೆಯದನ್ನು ನೆನೆಯುವಾಗಲೂ ದುಡಿಯುವ ಜಾಲ ಅದು. ಹಣೆಯ ಹಿಂದಿನ ನಡುಭಾಗದಲ್ಲಿ ಹಾಡೂ ನೆನಪೂ ಸೇರುವ ತಾಣವಿದೆ ಎಂದು ಸಂಶೋಧಕ ಪೀಟರ್ ಜನಾಟ 2009ರಲ್ಲಿ ತೋರಿಸಿದ್ದರು, ಅದೂ ಈ ಜಾಲಕ್ಕೆ ಹೊಂದಿಕೊಂಡ ಜಾಗವೇ. ತಾಳ ನಿಧಾನವಾಗಿ, ಸದ್ದಿನಲ್ಲಿ ಚುಚ್ಚು ಕಡಿಮೆಯಾಗಿ, ಬೆಚ್ಚಿಬೀಳಿಸುವುದೇನೂ ಇಲ್ಲದಾಗ ಗಮನಕ್ಕೆ ಹೊರಗಡೆ ಕಾವಲು ಕಾಯುವ ಕೆಲಸ ತಪ್ಪುತ್ತದೆ. ಮಾತೂ ತಿಳಿಯದಿದ್ದರೆ ಆ ಜಾಗವನ್ನು ಕೇಳುಗನ ಸ್ವಂತ ನೆನಪು ತುಂಬುತ್ತದೆ ಎಂದು ನಾನು ನಂಬುತ್ತೇನೆ.

ಹಾಡುವವರ ಮೈಯಲ್ಲಿಯೂ ಏನೋ ನಡೆಯುತ್ತಿರುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಬಿಯರ್ನ್ ವಿಕ್‌ಹಾಫ್ ತಂಡ ಒಟ್ಟಿಗೆ ಹಾಡುವ ಹದಿಹರೆಯದವರ ಎದೆಬಡಿತವನ್ನು ಅಳೆದು 2013ರಲ್ಲಿ ಪ್ರಕಟಿಸಿತು. ಸಾಲು ಮುಗಿದಾಗ ಎಲ್ಲರೂ ಒಟ್ಟಿಗೆ ಉಸಿರೆಳೆಯುವುದರಿಂದ ಅವರ ಎದೆಬಡಿತದ ಏರಿಳಿತವೂ ಒಂದೇ ಲಯಕ್ಕೆ ಬರುತ್ತಿತ್ತು. ಸಾಲುಗಳು ಉದ್ದವಾಗಿದ್ದು ನಿಧಾನವಾಗಿದ್ದಷ್ಟೂ ಇದು ಸಲೀಸು. ಬಲ್ಲಾಡಿನ ಸಾಲುಗಳು ಅಂಥವೇ.

ಮೊದಲು ಹೇಳಿದ ನಾಲ್ವರಲ್ಲಿ ಸಂಗ್‌ಹುನ್ 2023ರಲ್ಲಿ ತಂಡ ಬಿಟ್ಟರು. ಮೂವರಾದ ‘ಬ್ರೌನ್ ಐಡ್ ಸೋಲ್’ 2025ರ ಜನವರಿಯಲ್ಲಿ ‘ಸೋಲ್ ಟ್ರೈಸಿಕಲ್’ ಎಂಬ ಆಲ್ಬಮ್ ತಂದಿತು. ಸ್ಟುಡಿಯೋದಲ್ಲಿ ಒಬ್ಬನೇ ಹತ್ತು ದನಿ ಹಾಡಬಹುದು, ಆದರೆ ವೇದಿಕೆಯ ಮೇಲೆ ಮೂರು ಗಂಟಲಿಗೆ ನಾಲ್ಕು ಸ್ವರ ಸಿಗುವುದಿಲ್ಲ. ಇಂಥ ಕಡೆ ಯಾವ ಸ್ವರವನ್ನು ಬಿಡಬೇಕು ಎಂಬುದಕ್ಕೆ ಸಂಗೀತ ಜೋಡಿಸುವವರಲ್ಲಿ ಹಳೆಯದೊಂದು ಉತ್ತರವಿದೆ. ಗಾಂಧಾರ ಬಿಟ್ಟರೆ ನಲಿವೋ ನೋವೋ ತಿಳಿಯದು, ನಿಷಾದ ಬಿಟ್ಟರೆ ಆ ತುಡಿತವೇ ಇರದು, ಷಡ್ಜ ಬಿಟ್ಟರೆ ಕಾರ್ಡ್ ನಿಲ್ಲಲು ನೆಲವೇ ಉಳಿಯದು. ಹಾಗಾಗಿ ಪಂಚಮವನ್ನು ಬಿಡುತ್ತಾರೆ. 220ರ ಷಡ್ಜಕ್ಕೆ ಮೂರನೆಯ ಗುಣಕ 660, ಅದು ಪಂಚಮವೇ. ಯಾರೂ ಹಾಡದಿದ್ದರೂ ಷಡ್ಜ ಹಿಡಿದವನ ಗಂಟಲಿನಿಂದ ಅದು ಹೊರಡುತ್ತಿರುತ್ತದೆ.